ಎಸೆನ್‌ಕುಲ್ ಪೈಪಿಗೆ ಕೊಬ್ಬು ಮೆತ್ತಿದ ಕಥೆ

ನಮ್ಮ ಕಣಿವೆಯಲ್ಲಿ ಕುದುರೆ ಕೆಮ್ಮಿದರೆ ಹತ್ತು ಜನ ಓಡಿ ಬರ್ತಾರೆ. ಹಲ್ಲು ನೋಡ್ತಾರೆ, ಗೊರಸು ಎತ್ತಿ ನೋಡ್ತಾರೆ. ಕಾರು ಕೆಮ್ಮಿದರೆ ಮಾತ್ರ, "ಓಡ್ತಾ ಇದೆಯಲ್ಲ, ಬಿಡು" ಅಂತ ಚಹಾ ಕುಡಿಯೋಕೆ ಹೋಗ್ತಾರೆ.

ಎಸೆನ್‌ಕುಲ್ ಮುದುಕನೂ ಹಾಗೇ. ಅವನ ನೀಲಿ ಕಾರು ಅವನ ಅಳಿಯನಿಗಿಂತ ಎಂಟು ವರ್ಷ ದೊಡ್ಡದು. ಆ ಗುರುವಾರ ಬೆಳಿಗ್ಗೆ ಅದರ ಮೂತಿಯ ಕೆಳಗೆ ಅಂಗೈಯಗಲ ಹಸಿರು ನೀರು ನಿಂತಿತ್ತು. ಮೊದಲು ಕಂಡವಳು ಪಕ್ಕದ ಮನೆಯ ಅನಾರ್ಕಾನ್. ಬೆಟ್ಟದ ಮೇಲಿನ ಬೇಸಿಗೆ ಹಟ್ಟಿಗಳಿಂದ ದಿನಾ ಹಾಲು ತರುವ ವ್ಯಾನು ಅವಳದು. ಓಡಿಸುವವಳೂ ಅವಳೇ, ರಿಪೇರಿ ಮಾಡುವವಳೂ ಅವಳೇ.

"ಅಣ್ಣಾ, ಇಂಜಿನ್ ತಣ್ಣಗಿದೆಯಾ? ಹಾಗಾದ್ರೆ ಬಾನೆಟ್ ಎತ್ತಿ."

ರೇಡಿಯೇಟರಿನಿಂದ ಇಂಜಿನ್‌ಗೆ ಹೋಗುವ ದಪ್ಪ ರಬ್ಬರ್ ಪೈಪನ್ನು ಅವಳು ಎರಡು ಬೆರಳಲ್ಲಿ ಹಿಸುಕಿದಳು. ಚರಚರ ಅಂತು.

"ಕೇಳಿಸ್ತಾ? ಒಳಗೆಲ್ಲ ಬಿರುಕು. ಇಲ್ಲಿ ನೋಡಿ, ಕ್ಲಿಪ್ ಹತ್ರ ಗಳಗಂಡ ಬಂದವರ ಕತ್ತಿನ ಹಾಗೆ ಊದಿಕೊಂಡಿದೆ. ಹೊಸ ಪೈಪು ಹಾಕಿ. ಅರ್ಧ ಗಂಟೆ ಕೆಲಸ."

"ಅನಾರ್ಕಾನ್, ನಲವತ್ತು ವರ್ಷದಿಂದ ಕುಮಿಸ್ ಚೀಲ ಹೊಲೀತಾ ಇದೀನಿ. ಒಂದು ತೊಟ್ಟಾದರೂ ಸೋರಿದ್ದು ನೋಡಿದೀಯಾ?"

ಮಾತು ಸುಳ್ಳಲ್ಲ. ಕುದುರೆ ಹಾಲು ಹುದುಗಿಸುವ ತೊಗಲಿನ ಚೀಲ ತೂತಾದರೆ ಮೂರು ಊರಿನವರು ಅವನ ಬಾಗಿಲಿಗೇ ಬರುತ್ತಿದ್ದರು.

"ಕುಮಿಸ್ ಕುದಿಯಲ್ಲ ಅಣ್ಣಾ. ಇದು ಕುದಿಯುತ್ತೆ."

"ನೀನು ಹಾಲು ನೋಡ್ಕೊ ಹೋಗಮ್ಮ."

ಅವಳು ಹೋದಳು. ಮುದುಕ ಕುರಿಯ ಬಾಲದ ಕೊಬ್ಬನ್ನು ಬಿರುಕಿಗೆ ಮೆತ್ತಿದ. ಮೇಲೊಂದು ತೊಗಲಿನ ಪಟ್ಟಿ ಸುತ್ತಿ, ನರದ ದಾರದಲ್ಲಿ ಬಿಗಿದು, ಮದುಮಗಳನ್ನು ನೋಡುವ ಹಾಗೆ ತಲೆ ಓರೆ ಮಾಡಿ ನೋಡಿದ.

ಹೆಂಡತಿ ಬಾತ್ಮಾಗೆ ಮಾತ್ರ ಶನಿವಾರದ್ದೇ ಚಿಂತೆ. ಮಗಳು ಜಿಬೆಕ್‌ಗೆ ಚೊಚ್ಚಲ ಮಗು ಹುಟ್ಟಿ ನಲವತ್ತು ದಿನ. ತೊಟ್ಟಿಲು ತವರಿಂದಲೇ ಹೋಗಬೇಕು. ಮಗುವನ್ನು ಮೊದಲ ಸಲ ಅದರಲ್ಲಿ ಮಲಗಿಸುವ ಹಕ್ಕು ಬೀಗರ ವಂಶದ ಹಿರಿಯಜ್ಜಿ ಸೈರಾಳದು. ತೊಂಬತ್ತು ದಾಟಿದ ಆ ಅಜ್ಜಿಯನ್ನು ಶನಿವಾರ ಮಧ್ಯಾಹ್ನ ಊಟವಾದ ಕೂಡಲೇ ಕಣ್ಣಿನ ಆಪರೇಷನ್ನಿಗೆ ನಗರಕ್ಕೆ ಕರೆದೊಯ್ಯುವವರಿದ್ದರು. ತೊಟ್ಟಿಲು ತಡವಾದರೆ ಜಿಬೆಕ್ ಬೀಗರ ಮನೆಯಲ್ಲಿ ತಲೆ ತಗ್ಗಿಸಬೇಕು.

ಶನಿವಾರ ಹೊತ್ತು ಮೂಡುತ್ತಲೇ ಕಾರಿನ ತಲೆಮೇಲೆ ತೊಟ್ಟಿಲು ಕಟ್ಟಿಕೊಂಡು ಗಂಡ ಹೆಂಡತಿ ಹೊರಟರು. ಹಿಂದೆ ಊರಿನ ನಾಯಿಗಳೆಲ್ಲ ಹೊರಟವು.

"ನೋಡು, ನಮ್ಮನ್ನು ಬೀಳ್ಕೊಡೋಕೆ ಬರ್ತಿವೆ," ಅಂದ ಎಸೆನ್‌ಕುಲ್.

"ನಿನ್ನನ್ನಲ್ಲ ಮುದುಕಪ್ಪಾ, ನಿನ್ನ ಪೈಪನ್ನ."

ಕಣಿವೆಯ ಏರು ಶುರುವಾಗುವಷ್ಟರಲ್ಲಿ ಒಂದು ಕಂದು ನಾಯಿ ಬಿಟ್ಟು ಉಳಿದವೆಲ್ಲ ಸುಸ್ತಾಗಿ ಕೂತವು. ಆರನೇ ತಿರುವಿನಲ್ಲಿ ಬಾತ್ಮಾ ಮೂಗು ಅರಳಿಸಿದಳು. "ಎಲ್ಲೋ ಕರಿದ ಮಾಂಸದ ವಾಸನೆ. ಯಾರ ಮನೇಲಿ ಹಬ್ಬ?"

ಸುತ್ತ ಒಂದು ಗುಡಿಸಲೂ ಇರಲಿಲ್ಲ. ಎಸೆನ್‌ಕುಲ್ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ನೋಡಿದ. ಅದು ಕೆಂಪು ಗೆರೆ ದಾಟಿ ಒರಗಿಕೊಂಡು ಮಲಗಿತ್ತು.

"ಮುಳ್ಳು ಕೆಟ್ಟಿದೆ," ಅಂದ.

ಅಷ್ಟರಲ್ಲಿ ಢಬ್ ಅಂತು. ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಭುಸ್ಸೆಂದು ಎದ್ದು ದಾರಿಯೇ ಕಾಣಲಿಲ್ಲ. ಕಾರು ಓರೆಯಾಗಿ ನಿಂತಿತು. ಎಸೆನ್‌ಕುಲ್ ಇಂಜಿನ್ ಆರಿಸಿ ಇಳಿದವನೇ, ತಲೆಯ ಮೇಲಿದ್ದ ಬಿಳಿ ಉಣ್ಣೆಯ ಟೋಪಿಯನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ.

"ಮುಟ್ಟಬೇಡಿ!"

ಅದು ಅನಾರ್ಕಾನ್. ಖಾಲಿ ಕ್ಯಾನುಗಳ ವ್ಯಾನು ಹಿಂದೆಯೇ ಏರಿ ಬಂದಿತ್ತು. ಅವಳು ಓಡಿ ಬಂದು ಅವನ ತೋಳು ಹಿಡಿದು ಎಳೆದಳು.

"ಬಿಸಿಯಾಗಿರುವಾಗ ಮುಚ್ಚಳ ತೆಗೆದರೆ ಕುದಿನೀರು ನೇರ ಮುಖಕ್ಕೆ! ಮೊಮ್ಮಗನ್ನ ನೋಡೋಕೆ ಕಣ್ಣು ಬೇಡವಾ ನಿಮಗೆ?"

ಎಸೆನ್‌ಕುಲ್ ಕೈ ಹಿಂದೆಗೆದ. ಆ ಮಾತು ಅವನಿಗೆ ತಟ್ಟಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ? "ಹಾಗಾದ್ರೆ ತೊರೆ ನೀರು ತಂದು ಇಂಜಿನ್ ಮೇಲೆ ಸುರಿಯೋಣ."

"ಕೆಂಪಗೆ ಕಾದ ಬಾಣಲೆ ಮೇಲೆ ಹಿಮದ ನೀರು ಸುರಿದ ಹಾಗೆ. ಇಂಜಿನ್ನೇ ಸೀಳುತ್ತೆ."

"ಕುಮಿಸ್ ಇದೆ, ಬೀಗರಿಗೆ ಅಂತ..."

"ಅಣ್ಣಾ!"

"ಕೇಳಿದೆ ಅಷ್ಟೆ."

ಹೊಸ ಪೈಪಿಗೆ ಈಗೆಲ್ಲಿಗೆ ಹೋಗೋದು ಅಂತ ಬಾತ್ಮಾ ಕಣ್ಣೊರೆಸಿಕೊಂಡಳು. ಅನಾರ್ಕಾನ್ ವ್ಯಾನಿನ ಸೀಟಿನ ಕೆಳಗಿಂದ ಒಂದು ಕರಿ ಪೈಪು, ಎರಡು ಹೊಸ ಕ್ಲಿಪ್ಪು, ರೇಡಿಯೇಟರಿಗೆ ಹಾಕುವ ಹಸಿರು ಕೂಲೆಂಟ್ ಒಂದು ಡಬ್ಬಿ ತೆಗೆದಳು.

"ಮೊನ್ನೆಯೇ ತಂದಿಟ್ಟೆ ಅತ್ತಿಗೆ. ಅಣ್ಣನಿಗೆ ಇದು ಬೇಕೇ ಬೇಕಾಗುತ್ತೆ ಅಂತ ಗೊತ್ತಿತ್ತು. ಯಾವ ತಿರುವಲ್ಲಿ ಅನ್ನೋದೊಂದು ಗೊತ್ತಿರಲಿಲ್ಲ."

ಇಂಜಿನ್ ತಣ್ಣಗಾಗಲು ಮುಕ್ಕಾಲು ಗಂಟೆ. ಎಸೆನ್‌ಕುಲ್ ಕಾರಿನ ಸುತ್ತ ಹನ್ನೆರಡು ಸಲ ಸುತ್ತಿದ. ಬಾತ್ಮಾ ಸೂರ್ಯನನ್ನು ನೋಡುತ್ತ ಕೂತಳು. ಕೊನೆಗೆ ಪೈಪನ್ನು ಕೈಯಲ್ಲಿ ಹಿಡಿದು ನೋಡಿ, ಬಿಸಿಯಿಲ್ಲವೆಂದು ಖಾತ್ರಿ ಮಾಡಿಕೊಂಡು ಅನಾರ್ಕಾನ್ ಕೆಲಸಕ್ಕಿಳಿದಳು. ಕೆಳಗೊಂದು ಬೋಗುಣಿ ಇಟ್ಟಳು. ನರದ ದಾರ ಕೊಯ್ದು, ಕ್ಲಿಪ್ ಸಡಿಲಿಸಿ ಹಳೇ ಪೈಪು ಕಿತ್ತಳು. ಅದು ಅವಳ ಕೈಯಲ್ಲೇ ಹರಿದು ಎರಡಾಯಿತು.

"ನೋಡಿ, ನಿಮ್ಮ ಕೊಬ್ಬು ರಬ್ಬರನ್ನ ಇನ್ನಷ್ಟು ಮೆತ್ತಗೆ ಮಾಡಿದೆ. ತೊಗಲಿಗೆ ಅಮೃತ, ರಬ್ಬರಿಗೆ ವಿಷ."

ಕಂದು ನಾಯಿ ಬೋಗುಣಿಯ ಕಡೆ ನಾಲಗೆ ಚಾಚಿತು. ಅವಳು ಗದರಿಸಿ ಓಡಿಸಿದಳು. "ಈ ಹಸಿರು ನೀರು ಸಿಹಿ ಇರುತ್ತೆ. ನೆಕ್ಕಿದರೆ ನಾಯಿ ಸಾಯುತ್ತೆ, ಕುರಿಮರಿಯೂ ಸಾಯುತ್ತೆ. ನೆಲಕ್ಕೆ ಚೆಲ್ಲಬಾರದು." ಬೋಗುಣಿಯಲ್ಲಿದ್ದದ್ದನ್ನು ಬೇರೊಂದು ಖಾಲಿ ಡಬ್ಬಿಗೆ ತುಂಬಿ ಮುಚ್ಚಿದಳು.

ಪೈಪು ಕೂರುವ ಬಾಯಿಯ ತುಕ್ಕು ಕೆರೆದು, ಹೊಸದನ್ನು ತಿರುಚುತ್ತ ಪೂರ್ತಿ ಒಳಕ್ಕೆ ತಳ್ಳಿದಳು. "ಕ್ಲಿಪ್ಪು ನೀವೇ ಬಿಗೀರಿ ಅಣ್ಣಾ. ತೀರಾ ಅಂಚಿಗೆ ಬೇಡ, ಸ್ವಲ್ಪ ಒಳಗೆ. ಗಟ್ಟಿಯಾಗಿರಲಿ, ರಬ್ಬರ್ ಕೊಯ್ಯೋ ಹಾಗಲ್ಲ."

ನಲವತ್ತು ವರ್ಷ ಬಿಗಿದ ಕೈ, ಅಳತೆ ತಪ್ಪಲಿಲ್ಲ. ಅನಾರ್ಕಾನ್ ಮೆಚ್ಚಿ ತಲೆಯಾಡಿಸಿದಳು. ಕೂಲೆಂಟ್ ತುಂಬಿ, ಮುಚ್ಚಳ ತೆರೆದಿಟ್ಟೇ ಇಂಜಿನ್ ಚಾಲೂ ಮಾಡಿಸಿ, ಗಾಳಿಗುಳ್ಳೆಗಳು ಹೋಗುವ ತನಕ ಕಾದಳು. ಕಡಿಮೆಯಾದಷ್ಟು ಮತ್ತೆ ತುಂಬಿ, ಮುಚ್ಚಳ ಹಾಕಿ, ಎಲ್ಲೂ ತೊಟ್ಟಿಕ್ಕುತ್ತಿಲ್ಲ ಅಂತ ಬಗ್ಗಿ ನೋಡಿದಳು.

"ಹೊರಡಿ! ಮುಳ್ಳಿನ ಮೇಲೆ ಕಣ್ಣಿರಲಿ!"

ಬೀಗರ ಅಂಗಳ ಮುಟ್ಟಿದಾಗ ಸೈರಾ ಅಜ್ಜಿಯನ್ನು ಆಗಲೇ ಬೇರೆ ಕಾರಿನಲ್ಲಿ ಕೂರಿಸಿದ್ದರು. ಜಿಬೆಕ್ ಮಗುವನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬೀಗಿತ್ತಿಯ ಮುಖ ಹುಳಿ ಮೊಸರು.

ಅಜ್ಜಿಗೆ ಕಣ್ಣು ಮಂಜು, ಮೂಗು ಚುರುಕು. "ಯಾರದು ಬಂದದ್ದು? ಕೊಬ್ಬು ಕರಿದ ಘಮಘಮ! ಬೀಗರು ದಾರಿಯಲ್ಲೇ ಅಡುಗೆ ಮಾಡ್ಕೊಂಡು ಬಂದ್ರಾ?"

ಎಸೆನ್‌ಕುಲ್ ಟೋಪಿ ಕೈಯಲ್ಲಿ ಹಿಡಿದು ಮುಂದೆ ಬಂದ. "ಅಜ್ಜಿ, ಇಂಜಿನ್ ಮೇಲೆ ಕರಿದೆ. ತಪ್ಪು ನಂದೇ. ಪಕ್ಕದ ಮನೆಯವಳು ಎರಡು ದಿನ ಮೊದಲೇ ಹೇಳಿದ್ದಳು."

ಅಜ್ಜಿ ಕೆಮ್ಮು ಬರುವ ತನಕ ನಕ್ಕಳು. "ಗಂಡಸು ತಪ್ಪು ಒಪ್ಪಿಕೊಂಡದ್ದನ್ನ ಈ ವಯಸ್ಸಲ್ಲಿ ಮೊದಲ ಸಲ ಕೇಳಿದೆ. ಇಳಿಸ್ರೋ ನನ್ನ! ಡಾಕ್ಟರು ಕಾಯಲಿ."

ತೊಂಬತ್ತು ದಾಟಿದ ಆ ಕೈ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿತು. ಮಗು ಒಂದು ಸಲ ಮುಖ ಕಿವುಚಿ, ನಿದ್ದೆ ಹೋಯಿತು. ಜಿಬೆಕ್ ಅಪ್ಪನನ್ನು ನೋಡಿ ತುಟಿಯಂಚಲ್ಲಿ ನಕ್ಕಳು. ಅಜ್ಜಿಯನ್ನು ಕರೆದೊಯ್ಯುವ ಕಾರು ಹೊರಡುವ ಮುಂಚೆ ಎಸೆನ್‌ಕುಲ್ ಅದಕ್ಕೆ ಅಡ್ಡ ನಿಂತ. "ತಡೀರಿ. ಇನ್ನೂ ಸ್ಟಾರ್ಟ್ ಮಾಡಿಲ್ಲ ತಾನೆ? ಬಾನೆಟ್ ಎತ್ತಿ, ಪೈಪು ನೋಡ್ತೀನಿ."

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಅಂಗಳದಲ್ಲೂ ಒಂದು ಹಳೇ ಕಾರಿದೆಯಲ್ಲ? ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ರೇಡಿಯೇಟರಿನ ಮೇಲಿನ ಪೈಪು, ಕೆಳಗಿನ ಪೈಪು ಎರಡನ್ನೂ ಹಿಸುಕಿ ನೋಡಿ. ಚರಚರ ಅಂದರೆ, ಊದಿದ್ದರೆ, ಅಂಟಂಟಾಗಿದ್ದರೆ, ಕ್ಲಿಪ್ಪಿನ ಬಳಿ ಒದ್ದೆಯಿದ್ದರೆ ಬದಲಾಯಿಸಿ. ಬಟ್ಟೆ ಸುತ್ತಬೇಡಿ, ಕೊಬ್ಬು ಮೆತ್ತಬೇಡಿ. ದಾರಿಯಲ್ಲಿ ಕುದ್ದರೆ ನಿಲ್ಲಿಸಿ, ಕಾಯಿರಿ. ಬಿಸಿ ಮುಚ್ಚಳ ಮುಟ್ಟಬೇಡಿ. ನಾಳೆ ಆ ಕಾರಲ್ಲಿ ಕೂರುವವರು ಯಾರು ಅಂತ ಒಮ್ಮೆ ನೆನೆಸಿಕೊಳ್ಳಿ, ಸಾಕು. ಬಾನೆಟ್ ನೀವಾಗೇ ಎತ್ತುತ್ತೀರಿ.