ಮೂರು ಡ್ರಾಯರಿನ ಗಾಡಿ

“ಈ ಹತ್ತನೇ ನಂಬರ್ ಸ್ಪ್ಯಾನರ್‌ಗೇನು ಕಾಲು ಬರುತ್ತಾ?”

ಶೆಡ್ಡಿನಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ. ಮೂಲೆಯಲ್ಲಿ ಬೈಕೊಂದು ಹಳೆಯ ಬೆಡ್‌ಶೀಟು ಹೊದ್ದು ಗೋಡೆಗೆ ಮುಖ ಮಾಡಿ ನಿಂತಿತ್ತು. ಲಿಫ್ಟಣ್ಣ ಮಡಿಸಲಾಗದ ಬಲಗಾಲನ್ನು ಮುಂದಕ್ಕೆ ಚಾಚಿ, ಸ್ಟೂಲಿನ ತುದಿಯಲ್ಲಿ ಅರ್ಧ ಕೂತು ಅರ್ಧ ನಿಂತು, ಗೋಣಿಚೀಲದೊಳಗೆ ಮೊಳಕೈವರೆಗೆ ಕೈ ಇಳಿಬಿಟ್ಟಿದ್ದ. ಹದಿನಾಲ್ಕು ಸಿಕ್ಕಿತು, ಹದಿಮೂರು ಸಿಕ್ಕಿತು, ಒಣಗಿ ಕಲ್ಲಾದ ಅಂಟಿನ ಟ್ಯೂಬು ಸಿಕ್ಕಿತು. ಬೇಕಾದದ್ದು ಮಾತ್ರ ಸಿಗಲಿಲ್ಲ. ರೇಗಿ ಚೀಲವನ್ನು ತಲೆಕೆಳಗು ಮಾಡಿ ಸುರಿದ. ಆ ಸದ್ದಿಗೆ ಮುಂದಿನ ಕೋಣೆಯ ಹೊಲಿಗೆ ಯಂತ್ರ ನಿಂತಿತು.

“ರೀ, ಬಿದ್ರಾ?” ಹೆಂಡತಿಯ ದನಿ.

“ಬಿದ್ದಿದ್ದು ನಾನಲ್ಲ, ಸಾಮಾನು.”

“ಯಾವುದು ಬಿದ್ರೂ ಎತ್ತೋಳು ನಾನೇ ತಾನೇ,” ಎಂದಳು. ಯಂತ್ರ ಮತ್ತೆ ಓಡತೊಡಗಿತು.

ಲಿಫ್ಟು ರಿಪೇರಿ ಮಾಡಿಕೊಂಡೇ ತಲೆ ನರೆಸಿಕೊಂಡವನಾದ್ದರಿಂದ ಬೈಕಿನ ಗೆಳೆಯರು ಅವನಿಗೆ ಆ ಹೆಸರಿಟ್ಟಿದ್ದರು. ರಜೆ ಬಂತೆಂದರೆ ಆ ಗುಂಪು ಬೈಕುಗಳನ್ನು ಪಿಕಪ್ಪಿಗೆ ಹೇರಿಕೊಂಡು ಹೋಗಿ, ಡಾಂಬರು ಮುಗಿದಲ್ಲಿ ಇಳಿಸಿ, ಅಲ್ಲಿಂದಾಚೆಗೆ ಕಲ್ಲು, ಕೆಸರು, ಹಳ್ಳಗಳ ದಾರಿ ಹಿಡಿಯುತ್ತಿತ್ತು. ಓಡಿಸುವಾಗ ಲಿಫ್ಟಣ್ಣ ಎಲ್ಲರಿಗಿಂತ ಹಿಂದೆ, ಕೆಟ್ಟು ನಿಂತಾಗ ಎಲ್ಲರಿಗಿಂತ ಮುಂದೆ. ಅವನು ಬೈಕಿನ ಪಕ್ಕ ಮಂಡಿಯೂರಿ ಕೂತನೆಂದರೆ ಉಳಿದವರು ಹೆಲ್ಮೆಟ್ಟು ತೆಗೆದು ಸುತ್ತ ನಿಲ್ಲುತ್ತಿದ್ದರು. ಹಾಗೆ ಸುತ್ತ ನಿಂತವರ ನಡುವಿನ ಜಾಗ ಅವನಿಗೆ ಮನೆಯ ಹೊಸಿಲಷ್ಟೇ ಚೆನ್ನಾಗಿ ಗೊತ್ತಿತ್ತು.

ಕಳೆದ ಸಲದ ಟ್ರಿಪ್ಪಿನಲ್ಲಿ ಆ ಜಾಗ ಹೋಯಿತು. ಸಂಜೆ ಗುಡ್ಡದ ಮೇಲೆ ಒಬ್ಬರ ಬೈಕಿನ ಚೈನು ತುಂಡಾಯಿತು. ಚೈನು ಕೂಡಿಸುವ ಸಾಮಾನು ಇದ್ದದ್ದು ಇನ್ನಾರದೋ ಚೀಲದಲ್ಲಿ, ಆ ಚೀಲ ಇದ್ದದ್ದು ಇಳಿಜಾರಿನ ಬುಡದ ಟೆಂಟಿನಲ್ಲಿ. ತರುತ್ತೇನೆಂದು ಇಳಿದ ಲಿಫ್ಟಣ್ಣ ಜಾರಿದ. ಮಂಡಿಚಿಪ್ಪು ಒಡೆಯಿತು. ಗುಂಪಿನ ಮುಂದಾಳು, ಬೇಕರಿ ಇಟ್ಟುಕೊಂಡಿರುವ ಕ್ಯಾಪ್ಟನ್, ಅವನನ್ನು ಬೆನ್ನಮೇಲೆ ಹೊತ್ತು ರಸ್ತೆಯವರೆಗೆ ತಂದ. ಆಪರೇಷನ್ ಮಾಡಿದ ಡಾಕ್ಟರು, ನಡೆಯೋದಕ್ಕೆ ತೊಂದರೆಯಿಲ್ಲ, ಬೈಕು ಮರೆತುಬಿಡಿ ಎಂದರು. ಕಂಪನಿಯವರು ಅವನನ್ನು ಫೋನಿನ ಮುಂದೆ ಕೂರಿಸಿದರು. ಎಲ್ಲೋ ಲಿಫ್ಟಿನೊಳಗೆ ಸಿಕ್ಕಿಕೊಂಡವರು ಕೂಗಾಡುತ್ತಾರೆ. “ಗಾಬರಿ ಆಗಬೇಡಿ, ಹುಡುಗರು ಹೊರಟಿದ್ದಾರೆ” ಎಂದು ಇವನು ಹೇಳಬೇಕು. ಹೊರಡುವವರು ಬೇರೆ, ಹೊರಟರೆಂದು ಹೇಳುವವನು ಇವನು. ಮನೆಗೆ ಬಂದರೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಶೆಡ್ಡಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಗೇಟಿಗೆ, ಗೇಟಿನಿಂದ ಮತ್ತೆ ಶೆಡ್ಡಿಗೆ.

ಆ ಓಡಾಟದಲ್ಲೇ ಅವನಿಗೆ ಒಂದು ವಿಷಯ ಖಚಿತವಾಗಿತ್ತು. ತಾನು ಬಿದ್ದದ್ದು ವಯಸ್ಸಿನಿಂದಲ್ಲ, ಅವಸರದಿಂದಲೂ ಅಲ್ಲ. ಸಾಮಾನುಗಳು ಊರೆಲ್ಲ ಹರಡಿಕೊಂಡಿದ್ದರಿಂದ. ಎಲ್ಲವೂ ಒಂದೇ ಕಡೆ, ಕೈಗೆಟುಕುವ ಎತ್ತರದಲ್ಲಿ, ಉರುಳಿಸಿಕೊಂಡು ಹೋಗುವ ಹಾಗಿದ್ದರೆ? ಟೆಂಟಿನ ಪಕ್ಕ ಗಾಡಿ ನಿಲ್ಲುತ್ತದೆ, ಗಾಡಿಯ ಪಕ್ಕ ತಾನು ನಿಲ್ಲುತ್ತೇನೆ. ಮಂಡಿಯೂರುವ ಮಾತೇ ಇಲ್ಲ. ಕೆಟ್ಟ ಬೈಕುಗಳು ತನ್ನ ಹತ್ತಿರ ಬರುತ್ತವೆ. ಹೋಗುವುದಕ್ಕೆ ಪಿಕಪ್ಪಿನ ಮುಂದಿನ ಸೀಟಿದೆ. ಇದನ್ನು ಅವನು ಯಾರನ್ನೂ ಕೇಳಲಿಲ್ಲ. ಕೇಳುವಂಥದ್ದೇನೂ ಇದರಲ್ಲಿ ಅವನಿಗೆ ಕಾಣಲಿಲ್ಲ.

ಗುಜರಿ ಅಂಗಡಿಯಿಂದ ಆಫೀಸೊಂದರ ಸೊಂಟದೆತ್ತರವೂ ಇಲ್ಲದ ಗಿಡ್ಡ ಕಬ್ಬಿಣದ ಬೀರು ಬಂತು. ಮೂರು ಡ್ರಾಯರು, ಬೀಗ ಕೆಟ್ಟಿತ್ತು, ಒಂದು ಬದಿಗೆ ಯಾರೋ ಒದ್ದ ತಗ್ಗು. ಆಸ್ಪತ್ರೆಯ ಮುರಿದ ಟ್ರಾಲಿಯ ನಾಲ್ಕು ಚಕ್ರಗಳನ್ನು ಬಿಚ್ಚಿ ತಂದು ಅದಕ್ಕೆ ಕೂಡಿಸಿದ. ಶೆಡ್ಡಿನ ಸಿಮೆಂಟಿನ ಮೇಲೆ ಗಾಡಿ ಬೆಣ್ಣೆಯ ಮೇಲೆ ಜಾರಿದಂತೆ ಓಡಿತು. ಗೇಟಿನಾಚೆಯ ಜಲ್ಲಿಗೆ ಇಳಿಸಿದ ಕೂಡಲೇ ಹಟಮಾರಿ ಮಗುವಿನಂತೆ ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ತಳ್ಳಿದರೆ ಮುಗ್ಗರಿಸಿತು. ಡ್ರಾಯರುಗಳು ನಾಲಿಗೆ ಚಾಚಿ ಅಣಕಿಸಿದವು.

“ಆಸ್ಪತ್ರೆ ಚಕ್ರ ಅಲ್ವಾ, ಬೀದಿಗೆ ಬರೋಕೆ ಅದಕ್ಕೆ ಡಾಕ್ಟರ ಅಪ್ಪಣೆ ಬೇಕು,” ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು.

ಅವನು ನಗಲಿಲ್ಲ. ಮರುದಿನವೇ ಗಾರೆ ಕೆಲಸದವರು ಬಳಸುವ ಕೈಗಾಡಿಯ ಗಾಳಿ ತುಂಬುವ ಚಕ್ರ ಎರಡು ಹುಡುಕಿ ತಂದ. ಕಬ್ಬಿಣದ ಆ್ಯಂಗಲ್ ಪಟ್ಟಿಗಳಲ್ಲಿ ಚೌಕಟ್ಟು ಕಟ್ಟಿ, ಅಚ್ಚು ಕೂರಿಸಿ, ಮುಂದೆ ನೆಲಕ್ಕೆ ಊರಿ ನಿಲ್ಲಲು ಎರಡು ಕಾಲು, ಹಿಂದೆ ಉದ್ದನೆಯ ಹಿಡಿ ಬೆಸುಗೆ ಹಾಕಿದ. ಡ್ರಾಯರು ಚಾಚದಂತೆ ಮೂರೂ ಹಿಡಿಗಳೊಳಗೆ ಹಾದುಹೋಗುವ ಒಂದು ಸರಳು. ಗಾಡಿ ಈಗ ಕಲ್ಲಿನ ಮೇಲೆ ಹತ್ತಿತು, ಕಾಲುವೆ ದಾಟಿತು. ಗುಂಪಿನವರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಚೀಲದ ಸಾಮಾನನ್ನೆಲ್ಲ ತಂದು ಸುರಿದು ಹೋದರು.

ಆಮೇಲೆ ಅವನು ಕೈಹಚ್ಚಿದ್ದು ಲಿಫ್ಟಿನವರ ಕೆಲಸಕ್ಕೆ. ಲಿಫ್ಟಿನ ಬುಡದ ಗುಂಡಿಯೊಳಗೆ ಇಳಿದವನು ಮೇಲೆ ಬಂದಾಗ ಒಂದು ಸಣ್ಣ ಸ್ಪ್ಯಾನರೂ ಕೆಳಗೆ ಉಳಿದಿರಬಾರದು. ಉಳಿದರೆ ಯಾರದೋ ಜೀವ ಅದರ ಮೇಲೆ ನಿಂತಿರುತ್ತದೆ. ಅದಕ್ಕೇ ಅವರ ಪೆಟ್ಟಿಗೆಯಲ್ಲಿ ಪ್ರತಿ ಸಾಮಾನಿಗೂ ಅದರದೇ ಆಕಾರದ ನೆರಳು ಬರೆದಿರುತ್ತದೆ. ಒಂದು ನೆರಳು ಖಾಲಿ ಕಂಡರೂ ಲಿಫ್ಟು ಚಾಲೂ ಮಾಡುವಂತಿಲ್ಲ. ಆ ಪಾಠವನ್ನು ಅವನು ಡ್ರಾಯರಿಗೆ ಇಳಿಸಹೊರಟ. ದಪ್ಪ ಸ್ಪಂಜಿನ ಮೇಲೆ ಸಾಮಾನಿಟ್ಟು ಸುತ್ತ ಗೆರೆ ಎಳೆದ, ಕತ್ತರಿಸುವಾಗ ಅಂಕುಡೊಂಕು ಮಾಡಿ ಕೆಡಿಸಿದ.

“ಕೊಡಿ ಇಲ್ಲಿ. ಬಟ್ಟೆ ಕೊಯ್ಯೋರ ಕೆಲಸ ಬಟ್ಟೆ ಕೊಯ್ಯೋರಿಗೆ ಬಿಡಿ,” ಎಂದು ಹೆಂಡತಿ ಕತ್ತರಿ ಕಿತ್ತುಕೊಂಡಳು. ಅಷ್ಟು ದಿನ ಆ ಗಾಡಿಯನ್ನು “ನಿಮ್ಮ ಎರಡನೇ ಸಂಸಾರ” ಎಂದು ಚುಚ್ಚುತ್ತಿದ್ದವಳು ಇವಳೇನಾ ಎನಿಸುವಂತೆ ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ ಕೂತಳು. ಸ್ಪಂಜು ಕೊಯ್ದಳು, ಅದರ ಕೆಳಗೆ ಕೆಂಪು ರೆಕ್ಸಿನ್ ಹಾಸಿದಳು. ಸಾಮಾನು ಎತ್ತಿದರೆ ಕೆಂಪು ನೆರಳು ಎದ್ದು ಕಾಣುತ್ತಿತ್ತು. ಪ್ರತಿ ಗುಳಿಯ ಪಕ್ಕ ಬಿಳಿ ದಾರದಲ್ಲಿ ನಂಬರು ಹೊಲಿಯುತ್ತೇನೆಂದಳು.

“ನಂಬರ್ ಯಾಕೆ? ನನಗೆ ಕೈಗೇ ಗೊತ್ತಾಗುತ್ತೆ.”

“ನಿಮ್ಮ ಕೈಗೆ ಗೊತ್ತು. ಬೇರೆಯವರ ಕೈಗೂ ಗೊತ್ತಾಗಬೇಕಲ್ಲ.”

ಅವನು ತಲೆಯಾಡಿಸಿದ. ಎಂಟು, ಹತ್ತು, ಹನ್ನೆರಡು, ಹದಿಮೂರು ಎಂದು ಅವನು ಬಾಯಿಪಾಠದಂತೆ ಹೇಳುತ್ತ ಹೋದ, ಅವಳು ಸೂಜಿ ಓಡಿಸುತ್ತ ಹೋದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಇಬ್ಬರೂ ಒಂದೇ ಕೆಲಸಕ್ಕೆ ಕೂತದ್ದು ಅವನಿಗೆ ನೆನಪಿರಲಿಲ್ಲ. ಇವಳಿಗೂ ಕೊನೆಗೆ ಅರ್ಥವಾಯಿತು ಎಂದುಕೊಂಡು ಹಗುರವಾದ.

ಭಾನುವಾರ ಬೆಳಿಗ್ಗೆ ಊರಾಚೆಯ ಹಳೆಯ ಕಲ್ಲುಕ್ವಾರಿಯಲ್ಲಿ ಗಾಡಿಯ ಪರೀಕ್ಷೆ. ಬೈಕುಗಳು ದಿಬ್ಬ ಹತ್ತಿ ಇಳಿಯುತ್ತಿದ್ದವು. ಲಿಫ್ಟಣ್ಣ ಗಾಡಿಯ ಪಕ್ಕ ಮಡಚುವ ಕುರ್ಚಿಯಲ್ಲಿ ಕೂತು, ಯಾರ ಇಂಜಿನು ಹೇಗೆ ಕೆಮ್ಮುತ್ತಿದೆಯೆಂದು ಕಿವಿಗೊಟ್ಟಿದ್ದ. ಸ್ವಲ್ಪ ಹೊತ್ತಿಗೆ ಗುಂಪಿನವರು ಗುಬ್ಬಚ್ಚಿಯೆಂದು ಕರೆಯುವ ಹುಡುಗಿ ಬೈಕು ತಳ್ಳಿಕೊಂಡು ಬಂದಳು. ಆಸ್ಪತ್ರೆಯಲ್ಲಿ ನರ್ಸು, ಆಳು ಇಷ್ಟೇ ಇಷ್ಟು, ಓಡಿಸುವ ಬೈಕು ಮಾತ್ರ ಎಮ್ಮೆಯಷ್ಟು.

“ಅಣ್ಣಾ, ಹಿಂದಿನ ಚಕ್ರ ಪಂಕ್ಚರ್!”

“ಬಂದೆ, ಬಂದೆ. ತಡಿ,” ಎಂದು ಅವನು ಕುರ್ಚಿಯ ಎರಡೂ ಕೈಗಳನ್ನು ಒತ್ತಿ, ಒಳ್ಳೆಯ ಕಾಲನ್ನು ಒಳಗೆಳೆದುಕೊಂಡು, ಕೆಟ್ಟ ಕಾಲನ್ನು ಹದಕ್ಕೆ ತಂದು ಏಳತೊಡಗಿದ. ಅವನು ಏಳುವಷ್ಟರಲ್ಲಿ ಅವಳು ಸರಳು ಎಳೆದಾಗಿತ್ತು. ನಂಬರು ನೋಡಿದಳು, ಸ್ಪ್ಯಾನರು ಎತ್ತಿದಳು. ಕ್ಯಾಪ್ಟನ್ ಓಡಿಬಂದು ಕೆಳಗಿನ ಡ್ರಾಯರಿನಿಂದ ಟಯರು ಎಬ್ಬಿಸುವ ಪಟ್ಟಿಗಳನ್ನು ತೆಗೆದ. ಒಬ್ಬರು ಚಕ್ರ ಬಿಚ್ಚಿದರು, ಒಬ್ಬರು ಟ್ಯೂಬು ಎಳೆದರು, ಒಬ್ಬರು ತೇಪೆ ಹಚ್ಚಿದರು. ಲಿಫ್ಟಣ್ಣ ಹತ್ತಿರ ಹೋಗಿ ನಿಂತಾಗ ಗಾಳಿ ತುಂಬುವುದಷ್ಟೇ ಬಾಕಿ ಇತ್ತು. ಪಂಪಿಗೆ ಕೈಚಾಚಿದ. “ನೀವ್ಯಾಕಣ್ಣ, ಬಿಡಿ,” ಎಂದು ಗುಬ್ಬಚ್ಚಿ ತಾನೇ ಒತ್ತಿದಳು.

ಕೊನೆಗೆ ಎಲ್ಲ ಸಾಮಾನೂ ಅದರದರ ಜಾಗಕ್ಕೆ ಹೋಯಿತು. ಒಂದು ನೆರಳೂ ಖಾಲಿ ಉಳಿಯಲಿಲ್ಲ.

“ಏನ್ ಗಾಡಿ ಮಾಡಿದ್ದೀರಣ್ಣ! ಬೇಕರಿ ಒಲೆ ಮುಂದೆ ಬಿಟ್ರೆ ಬೇರೇನೂ ಗೊತ್ತಿಲ್ಲದ ನನ್ನಂಥೋನೂ ಮೆಕ್ಯಾನಿಕ್ ಆಗಿಬಿಟ್ಟೆ,” ಎಂದು ಕ್ಯಾಪ್ಟನ್ ಅವನ ಬೆನ್ನು ತಟ್ಟಿದ. ಎಲ್ಲರೂ ನಕ್ಕರು. ಲಿಫ್ಟಣ್ಣನೂ ನಕ್ಕ. ನಗು ಮುಗಿದ ಮೇಲೆ ಅವರೆಲ್ಲ ಹೆಲ್ಮೆಟ್ಟು ಏರಿಸಿ ಹೊರಟುಹೋದರು. ಇಷ್ಟೆಲ್ಲದರ ನಡುವೆ ಯಾರೂ ತನ್ನ ಸುತ್ತ ನಿಲ್ಲಲಿಲ್ಲವಲ್ಲ ಎಂಬುದು ಅವನಿಗೆ ಆಮೇಲೆ ಹೊಳೆಯಿತು.

ಆ ವಾರವಿಡೀ ಅವನ ಕೈ ಗಾಡಿಯನ್ನು ಬಿಡಲಿಲ್ಲ. ಬಿಸಿಲಿಗೆಂದು ಮೇಲೊಂದು ತಗಡು ಕೂರಿಸಿದ, ಬೇಡವೆಂದು ಕಿತ್ತ. ನೀರಿನ ಕ್ಯಾನಿಗೆ ಕೊಕ್ಕೆ ಹಾಕಿದ, ಅದನ್ನು ಎಡದಿಂದ ಬಲಕ್ಕೆ ಬದಲಿಸಿದ. ಒಂದು ಮಧ್ಯಾಹ್ನ ಹೊಲಿದ ನಂಬರನ್ನು ಬ್ಲೇಡಿನಿಂದ ಬಿಡಿಸಲು ಹೊರಟು, ಒಂದು ಎಳೆ ಬಿಚ್ಚಿ, ನಾಚಿಕೆಯಾಗಿ ಬಿಟ್ಟ. ಫೋನಿನ ಮುಂದೆ ಕೂತಾಗ, ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದ ಹೆಂಗಸೊಬ್ಬಳಿಗೆ “ನಾನೇ ಹೊರಟಿದ್ದೀನಿ” ಎಂದುಬಿಟ್ಟ. ಸಾಹೇಬರು ತಲೆಯೆತ್ತಿ ನೋಡಿದರು.

ಗುಂಪು ಮುಂದಿನ ಟ್ರಿಪ್ಪಿಗೆ ಹೊರಡುವ ದಿನ ಅವನು ಎಲ್ಲರಿಗಿಂತ ಮುಂಚೆ ಎದ್ದು ಸ್ನಾನ ಮುಗಿಸಿ, ಬ್ಯಾಗು ತುಂಬಿ, ಶೂ ಕಟ್ಟಿ, ಗಾಡಿಯನ್ನು ಗೇಟಿನ ಬಳಿ ತಂದು ನಿಲ್ಲಿಸಿದ್ದ. ಹೆಂಡತಿ ಚಹಾ ತಂದುಕೊಟ್ಟು ಅವನ ಶೂ ನೋಡಿದಳು. ಪಿಕಪ್ಪು ಬಂತು. ಹಿಂದೆ ಬೈಕುಗಳು, ಮುಂದೆ ಡ್ರೈವರು, ಪಕ್ಕದಲ್ಲಿ ಅಡುಗೆಯವನು, ಅವನ ತೊಡೆಯ ಮೇಲೆ ಸ್ಟೌವು. ಕ್ಯಾಪ್ಟನ್ ಮತ್ತು ಗುಬ್ಬಚ್ಚಿ ಹಗ್ಗ ಹಿಡಿದು ಇಳಿದರು.

ಲಿಫ್ಟಣ್ಣ ಸೀಟನ್ನು ನೋಡಿದ. “ಅಡುಗೆಯವನನ್ನ ಹಿಂದೆ ಕೂರಿಸು,” ಎಂದ.

ಕ್ಯಾಪ್ಟನ್ ಹಗ್ಗವನ್ನು ಕೈಗೆ ಸುತ್ತಿಕೊಂಡ, ಬಿಚ್ಚಿದ. “ಅಣ್ಣ, ನೀವು ಈ ಸಲ ಮನೇಲಿರಿ. ಗಾಡಿ ನಾವು ತಗೊಂಡು ಹೋಗ್ತೀವಿ. ಜೋಪಾನವಾಗಿ ತಂದು ಇಲ್ಲೇ ನಿಲ್ಲಿಸ್ತೀವಿ.”

“ಕೆಳಗಿನ ಟೆಂಟ್ ಹತ್ತಿರಾನೇ ಇರ್ತೀನಿ ಕಣೋ. ಒಂದು ಹೆಜ್ಜೆ ಆಚೆ ಇಡಲ್ಲ.”

“ಹೋದ ಸಲ ಏನಾಯ್ತು? ನಾನು ಹೋಗ್ತೀನಿ, ನೀವು ಕೂತ್ಕೊಳ್ಳಿ ಅಂದೆ. ಕೇಳಿದ್ರಾ? ಕತ್ತಲಾಗ್ತಿದೆ, ಚೈನ್ ಬೆಳಿಗ್ಗೆ ನೋಡೋಣ ಅಂತ ಎಲ್ಲರೂ ಅಂದ್ರು. ಕೇಳಿದ್ರಾ?” ಅವನ ದನಿ ಇಳಿಯಿತು. “ಹೊತ್ತಿದ್ದು ನಾನಣ್ಣ. ನೀವು ಕಿರುಚ್ತಿದ್ದದ್ದು ನನ್ನ ಕಿವಿ ಹತ್ತಿರಾನೇ.”

ಲಿಫ್ಟಣ್ಣನಿಗೆ ಆ ಸಂಜೆಯ ಚೈನು ನೆನಪಿತ್ತು, ಚೀಲ ನೆನಪಿತ್ತು. ಬೇಡ ಎಂದವರ ದನಿ ಈಗಷ್ಟೇ ಮೊದಲ ಸಲ ಕಿವಿಗೆ ಬಿದ್ದಂತಾಯಿತು.

“ನೀನಾದ್ರೂ ಹೇಳೇ,” ಎಂದು ಹೆಂಡತಿಯ ಕಡೆ ತಿರುಗಿದ. “ನಿನ್ನ ಕೈಯಿಂದಲೇ ಆದದ್ದಲ್ವಾ ಇದು?”

ಅವಳು ಗೇಟಿನ ಕಂಬಿ ಹಿಡಿದುಕೊಂಡಳು. “ನಿಮ್ಮನ್ನ ಬಿಟ್ಟು ಹೋಗಿ ಅಂತ ಅವರನ್ನ ಕೇಳಿಕೊಂಡಿದ್ದು ನಾನೇ ರೀ. ಗಾಡಿ ಹೋದ್ರೆ ನೀವು ಹೋಗೋದು ತಪ್ಪುತ್ತೆ ಅಂತಾನೇ ನಾನು ಸ್ಪಂಜು ಕೊಯ್ದಿದ್ದು, ನಂಬರ್ ಹಾಕಿದ್ದು. ಕಣ್ಣು ಕಟ್ಟಿ ಬಿಟ್ರೂ ಯಾರಿಗಾದ್ರೂ ಸಿಗೋ ಹಾಗೆ ಮಾಡಿದ್ದು. ಆಸ್ಪತ್ರೆ ವರಾಂಡದಲ್ಲಿ ಇನ್ನೊಂದು ಸಲ ಕೂರೋ ಶಕ್ತಿ ನನಗಿಲ್ಲ.”

ಪಿಕಪ್ಪಿನ ಇಂಜಿನು ಓಡುತ್ತಲೇ ಇತ್ತು. ಎದುರುಮನೆಯ ಕಿಟಕಿ ತೆರೆದುಕೊಂಡಿತು. ಗುಬ್ಬಚ್ಚಿ ನೆಲ ನೋಡುತ್ತಿದ್ದಳು.

“ಕೊಟ್ಟುಬಿಡಿ ರೀ,” ಎಂದಳು ಹೆಂಡತಿ.

“ಕೊಡಿ ಅಣ್ಣ,” ಎಂದ ಕ್ಯಾಪ್ಟನ್, ಗಾಡಿಯ ಹಿಡಿಯ ಮೇಲೆ ಮೆಲ್ಲಗೆ ಕೈಯಿಟ್ಟು. “ಹೊತ್ತಾಗ್ತಿದೆ. ನಮ್ಮೆಲ್ಲರ ಸಾಮಾನೂ ಅದರಲ್ಲೇ ಇದೆ. ಅದಿಲ್ಲದೆ ಹೇಗೆ ಹೋಗೋದು?”

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಲಿಫ್ಟಣ್ಣ ಗಾಡಿಗೆ ಬೆನ್ನು ತಿರುಗಿಸಿದ. ಎರಡೂ ಕೈ ಹಿಂದಕ್ಕೆ ಊರಿ, ಮಡಿಸಲಾಗದ ಕಾಲನ್ನು ದಾರಿಗೆ ಅಡ್ಡವಾಗಿ ಚಾಚಿ, ತನ್ನ ಪೂರ್ತಿ ಭಾರವನ್ನು ಆ ಬೀರುವಿನ ನೆತ್ತಿಯ ಮೇಲೆ ಬಿಟ್ಟು ಕೂತ. ಗಾಳಿ ತುಂಬಿದ ಚಕ್ರಗಳು ಸ್ವಲ್ಪ ಕುಸಿದು ನಿಂತವು.

“ಕೊಡಲ್ಲ,” ಎಂದ.