ಅಡುಗೆಮನೆಗೆ ಎಳೆದ ತಂತಿ

ಏರಿಯಲ್ ಕಿತ್ತರೂ ಕೋಳಿ ಸಾಕಣೆಯ ಭಾಷಣ ನಿಲ್ಲಲಿಲ್ಲ. ಮೇಷ್ಟ್ರು ಕಿತ್ತ ತಂತಿಯನ್ನು ಕೈಯಲ್ಲಿ ಹಿಡಿದುಕೊಂಡು ತಮ್ಮ ಹಳೇ ರೇಡಿಯೋವನ್ನು ಪಿಳಿಪಿಳಿ ನೋಡಿದರು. ಜೀವಮಾನವೆಲ್ಲ ಭೌತಶಾಸ್ತ್ರದ ಪಾಠ ಹೇಳಿದ ಮನುಷ್ಯ; ಏರಿಯಲ್ಲೇ ಇಲ್ಲದ ಮೇಲೆ ಪಕ್ಕದ ರಸ್ತೆಯ ರೇಡಿಯೋ ಕೇಂದ್ರ ಇದರೊಳಗೆ ಬಂದದ್ದಾದರೂ ಹೇಗೆ?

ಇನ್ನು ಸ್ವಲ್ಪ ಹೊತ್ತಿಗೆ ಹೆಂಡತಿಯ ತಮ್ಮ ಮಾತಾಡುವವನಿದ್ದ. ಅವನು ಹವ್ಯಾಸಿ ರೇಡಿಯೋದವನು, ಮನೆಯಲ್ಲೇ ಯಂತ್ರ ಇಟ್ಟುಕೊಂಡು ಗಾಳಿಯಲ್ಲಿ ಮಾತು ಕಳಿಸುವವನು. ಭಾನುವಾರ ಬೆಳಿಗ್ಗೆ ದೂರದ ಊರಿನಿಂದ ಗೆಳೆಯರನ್ನೆಲ್ಲ ಮಾತಾಡಿಸುವುದು ಅವನ ರೂಢಿ. ನಾಳೆ ಅವನ ಗಂಟಲಿಗೆ ಆಪರೇಷನ್, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. ಇವತ್ತು ಆಡಿದ್ದೇ ಕೊನೆ. ಅದನ್ನು ಕೋಳಿಗೆ ಶೀತವಾದರೆ ಏನು ಮಾಡಬೇಕು ಅನ್ನುವವನು ನುಂಗಿ ಕೂರುತ್ತಾನೆ, ಅವನ ಬಾಯಿಗೆ ಮಣ್ಣು ಹಾಕ!

"ರೀ, ಏನಾಯ್ತು? ಬರೀ ಕೋಳೀದೇ ಕೇಳಿಸ್ತಿದೆ!" ಹೆಂಡತಿ ಅಡುಗೆಮನೆಯಿಂದ ಕೂಗಿದಳು.

"ಸುಮ್ನಿರೇ ಸ್ವಲ್ಪ, ನಂಗೇ ತಲೆ ಕೆಟ್ಟುಹೋಗಿದೆ."

ಧೂಳು ಒರೆಸುವಾಗ ರೇಡಿಯೋದ ಮುಳ್ಳು ಅಲುಗಿಸಿದಳೆಂದು ಒಮ್ಮೆ ಅವರು ಕೂಗಾಡಿದ್ದರು. "ನಿಮ್ಮ ಡಬ್ಬಾ, ನೀವೇ ಇಟ್ಕೊಂಡು ಪೂಜೆ ಮಾಡಿ" ಎಂದವಳು ಆಮೇಲೆ ರೇಡಿಯೋ ಇದ್ದ ಕೋಣೆಗೆ ಕಾಲಿಟ್ಟಿರಲಿಲ್ಲ. ಇವರೇನು ಕಮ್ಮಿಯೇ? ತಪ್ಪಾಯ್ತು ಅನ್ನುವ ಬದಲು, ನಿನ್ನೆ ಅಡುಗೆಮನೆಯವರೆಗೂ ತಂತಿ ಎಳೆದು ಅಲ್ಲೊಂದು ಸ್ಪೀಕರ್ ಕೂರಿಸಿಕೊಟ್ಟಿದ್ದರು.

ಮೇಷ್ಟ್ರು ಸೌಂಡಿನ ಗುಂಡಿಯನ್ನು ಪೂರ್ತಿ ಇಳಿಸಿದರು. ಭಾಷಣ ಒಂದಿಷ್ಟೂ ತಗ್ಗಲಿಲ್ಲ. ಅಯ್ಯೋ, ಇದೇನು ಮಾಟವೋ ಮಂತ್ರವೋ! ಗುಂಡಿಗೂ ಜಗ್ಗದೆ ಬರುತ್ತಿದೆ ಅಂದರೆ ಅದು ಏರಿಯಲ್ಲೆಂಬ ಮುಂಬಾಗಿಲಿನಿಂದ ಬರುತ್ತಿಲ್ಲ, ಹಿತ್ತಿಲ ಬಾಗಿಲಿನಿಂದ ನುಗ್ಗುತ್ತಿದೆ. ಅವರ ಕಣ್ಣು ಗೋಡೆಗುಂಟ ಹೋದ ಹೊಸ ತಂತಿಯ ಮೇಲೆ ಬಿತ್ತು. ಅಷ್ಟುದ್ದದ ತಂತಿ ತಾನೇ ಒಂದು ಏರಿಯಲ್ ಆಗಿ ಕೂತಿತ್ತು. ಆ ಕೇಂದ್ರವನ್ನು ತಡೆಯಲೆಂದು ಬೆಳಗಿನಿಂದ ತಂತಿಯ ಸುರುಳಿ ಸುತ್ತಿ ಸುತ್ತಿ ಏರಿಯಲ್ಲಿಗೆ ಕಟ್ಟಿದ್ದೆಲ್ಲ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು.

ಅಡುಗೆಮನೆಯ ತಂತಿ ಕಿತ್ತರು. ಕೋಳಿ ಗಪ್‌ಚುಪ್. ಏರಿಯಲ್ ಸಿಕ್ಕಿಸಿ ಗುಂಡಿ ಏರಿಸಿದರು.

"ರೀ, ಇಲ್ಲೇನೂ ಕೇಳಿಸ್ತಾನೇ ಇಲ್ವಲ್ಲ!"

ರೇಡಿಯೋದ ಸ್ವಂತ ಸ್ಪೀಕರಿನ ಸದ್ದು ಕೋಣೆಯ ಬಾಗಿಲು ದಾಟುವುದಿಲ್ಲ. ಇನ್ನು ಅವಳೇ ಬರಬೇಕು. ಮೇಷ್ಟ್ರು ಬಾಗಿಲ ಕಡೆ ತಿರುಗಿ ಕೂಗಿದರು.

"ಅವತ್ತು ರೇಗ್ಬಾರ್ದಿತ್ತು ಕಣೇ, ತಪ್ಪಾಯ್ತು. ಬಾ ಇಲ್ಲಿ, ಬೇಗ ಬಾ."

ಅವಳು ಒದ್ದೆ ಕೈಯಲ್ಲೇ ಓಡಿಬಂದು ಪಕ್ಕದಲ್ಲಿ ಕೂತಳು. ಗೊರಗೊರ ಸದ್ದಿನ ನಡುವೆ ಒಡಕು ಧ್ವನಿಯೊಂದು ಬಂತು.

"ಭಾವ, ಅಕ್ಕ ಕೇಳಿಸ್ಕೊಳ್ತಿದಾಳಾ?"

"ಕೇಳ್ತಿದೀನಿ ಕಣೋ! ಇಲ್ಲೇ ಇದೀನಿ, ಹೇಳೋ!" ಅವಳು ಡಬ್ಬಾದ ಮುಖಕ್ಕೆ ಬಾಯಿಟ್ಟು ಕೂಗಿದಳು. ಕಣ್ಣಲ್ಲಿ ನೀರು ತುಂಬಿತ್ತು.

ಆ ರೇಡಿಯೋ ಕೇಳಿಸುವುದಷ್ಟೇ. ಇಲ್ಲಿಂದ ಅಲ್ಲಿಗೆ ಒಂದಕ್ಷರವೂ ಹೋಗುವುದಿಲ್ಲ. ಮೇಷ್ಟ್ರು ಕುರ್ಚಿ ಸರಿಸಿ ಅವಳಿಗೆ ಜಾಗ ಬಿಟ್ಟರು.

"ಇನ್ನೂ ಸ್ವಲ್ಪ ಜೋರಾಗಿ ಹೇಳೇ," ಅಂದರು.