ನೂರ ಹತ್ತು ಸುತ್ತು

ಗುಂಯ್ ಅನ್ನುತ್ತಿಲ್ಲ, ಗೊರಗೊರ ಅನ್ನುತ್ತಿದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಹಾಗೆ, ಇನ್ವರ್ಟರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರೆ ನಡುಕ ಮೊಣಕೈವರೆಗೂ ಹತ್ತುತ್ತದೆ, ಹೋದ ವಾರ ಒಳಗಿನ ಹಳೆಯ ತಂತಿಸುರುಳಿ ಸುಟ್ಟುಹೋಗುವವರೆಗೂ ಹೀಗಿರಲಿಲ್ಲ, ಅಣ್ಣನ ಕೈಲಿ ಹೇಳಿಸಿ ಅಪ್ಪನಿಂದ ಸುತ್ತಿಸಿ ತರಿಸಿದ ಹೊಸದನ್ನು ಈ ಬೆಳಿಗ್ಗೆ ಕೂರಿಸಿದ ಮೇಲೆಯೇ ಶುರು — ಛೆ, ಅಪ್ಪನ ಕೆಲಸದ ಮೇಲೆ ಅನುಮಾನವೇ, ತಪ್ಪು ತನ್ನ ಪ್ರೋಗ್ರಾಮಿನದ್ದೇ ಇರಬೇಕು, ಹುಡುಕು ಪೆದ್ದಿ, ಹುಡುಕು. ಬಾಗಿಲಲ್ಲಿ ನರ್ಸಮ್ಮ, ಏನಮ್ಮಾ ಎಂಜಿನಿಯರ್, ದೀಪ ಕಣ್ಣು ಹೊಡೀತಾ ಇದೆ, ಹನ್ನೆರಡಕ್ಕೆ ಆಪರೇಷನ್ ಇದೆ, ಆಗುತ್ತೋ ಇಲ್ಲ ಜನರೇಟರ್ ಹಚ್ಚಿಸ್ಲೋ, ಆಗುತ್ತೆ ಸಿಸ್ಟರ್, ಅರ್ಧ ಗಂಟೆ ಕೊಡಿ, ಅಂದದ್ದೇನೋ ಆಯಿತು, ಅರ್ಧ ಗಂಟೆಯಲ್ಲಿ ಏನು ಕಿಸಿಯುತ್ತೇನೋ. ಊರಿನ ಕರೆಂಟಿನ ಲೈನು ಈ ಆಸ್ಪತ್ರೆಯವರೆಗೆ ಬಂದಿಲ್ಲ, ಚಾವಣಿಯ ಸೌರ ಫಲಕ, ಬ್ಯಾಟರಿ, ಈ ಪೆಟ್ಟಿಗೆ, ಇಷ್ಟೇ ಗತಿ, ಪೆಟ್ಟಿಗೆಯೊಳಗೆ ಅವಳ ಪ್ರೋಗ್ರಾಮು ಸೆಕೆಂಡಿಗೆ ಇಪ್ಪತ್ತು ಸಾವಿರ ಸಲ ತನ್ನನ್ನೇ ಕೇಳಿಕೊಳ್ಳುತ್ತದೆ, ಈ ಸ್ವಿಚ್ಚು ಹಾಕಿದರೆ ಮುಂದಿನ ಕ್ಷಣ ಕರೆಂಟು ಎಲ್ಲಿಗೆ ಹೋದೀತು, ಆ ಸ್ವಿಚ್ಚು ಹಾಕಿದರೆ ಎಲ್ಲಿಗೆ, ಯಾವುದು ವಾಸಿಯೋ ಅದನ್ನು ಹಾಕಿ ಮತ್ತೆ ಕೇಳುತ್ತದೆ — ಇಷ್ಟೊಂದು ಮುಂದಾಲೋಚನೆ ತನಗಿದ್ದಿದ್ದರೆ ಎಲ್ಲೋ ಇರುತ್ತಿದ್ದೆ, ಇರಲಿ — ಆದರೆ ಆ ಊಹೆಯೆಲ್ಲ ನಿಂತಿರುವುದು ಸುರುಳಿಯಲ್ಲಿ ಎಷ್ಟು ಸುತ್ತು ಎಂಬ ಅಂಕಿಯ ಮೇಲೆ, ನೂರ ಇಪ್ಪತ್ತು, ಅಪ್ಪ ಚೀಟಿಯಲ್ಲಿ ಬರೆದು ಕಳಿಸಿದ್ದು, ಅಪ್ಪನ ಎಣಿಕೆಗೆ ಮೀಟರು ಹಿಡಿಯುವುದುಂಟೇ, ಹಿಡಿಯದೆ ಹಾಗೇ ಪ್ರೋಗ್ರಾಮಿಗೆ ಬರೆದಿದ್ದಾಳೆ.

ಲ್ಯಾಪ್‌ಟಾಪಿನ ಪರದೆಯ ಮೇಲೆ ನೀಲಿ ಗೆರೆ ಊಹೆ, ಕೆಂಪು ಗೆರೆ ನಿಜ, ಕೆಂಪು ಎಲ್ಲ ಕಡೆಯೂ ಜಾಸ್ತಿ ಕಡಿದಾಗಿ ಏರುತ್ತಿದೆ, ತಂತಿ ಸಡಿಲವಿದ್ದರೆ ಅಲ್ಲೊಂದು ಇಲ್ಲೊಂದು ಕುಣಿಯಬೇಕಿತ್ತು, ಇದು ಹಾಗಲ್ಲ, ಪ್ರತಿ ಸಲವೂ ಹೆಚ್ಚೂಕಮ್ಮಿ ಐದರಲ್ಲೊಂದು ಪಾಲು ಜಾಸ್ತಿ, ಎಷ್ಟು ಶಿಸ್ತಿನ ತಪ್ಪು, ಅಬ್ಬಾ, ಇಂಥದ್ದು ಸಿಕ್ಕರೆ ಅವಳಿಗೆ ಹಸಿವೂ ಗೊತ್ತಾಗುವುದಿಲ್ಲ. ಸುರುಳಿ ಕರೆಂಟನ್ನು ತಡೆಯಬೇಕಾದಷ್ಟು ತಡೆಯುತ್ತಿಲ್ಲ, ಅಂದರೆ ಸುತ್ತು ಕಡಿಮೆ, ಎಷ್ಟು ಕಡಿಮೆ, ಲಕೋಟೆಯ ಹಿಂದೆ ಪೆನ್ಸಿಲು ಓಡುತ್ತದೆ, ವರ್ಗ, ವರ್ಗಮೂಲ, ನೂರ ಹತ್ತು, ಇನ್ನೊಮ್ಮೆ ಮಾಡು, ನೂರ ಹತ್ತು, ಸರಿಯಾಗಿ ಹತ್ತು ಸುತ್ತು ಮಾಯ. ಅಪ್ಪ ಹತ್ತು ಸುತ್ತಿಗೊಮ್ಮೆ ಮೇಜಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆಯುವವನು, ಸುತ್ತುವಾಗ ಯಾರೇ ಬಾಯಿ ತೆರೆದರೂ ಅಂಗೈ ಎತ್ತುವವನು, ತಡಿ ಅಂತ, ಅಡುಗೆಮನೆಯಲ್ಲಿ ಕಿಟಕಿ ಪರದೆಗೆ ಬೆಂಕಿ ಹತ್ತಿ ಅಮ್ಮ ಕೂಗಿಕೊಂಡ ದಿನವೂ ಅಂಗೈ ಎತ್ತಿ, ಹತ್ತು ಮುಗಿಸಿ, ಗೆರೆ ಎಳೆದು ಆಮೇಲೆ ಬಕೆಟ್ಟು ಹಿಡಿದವನು, ಅದಾದ ಮೇಲೆ ಅಮ್ಮ ಮೂರು ದಿನ ಮಾತು ಬಿಟ್ಟಿದ್ದಳು. ಅಂಥವನು ಹತ್ತು ಸುತ್ತು ನುಂಗಿದನೇ, ಹಾಗಾದರೆ ಅಣ್ಣ ಹೇಳಿದ್ದೇ ನಿಜವೇ, ಮರೆವು ಕಣೇ ಅಪ್ಪಂಗೆ, ಮೊನ್ನೆ ಕನ್ನಡಕ ಫ್ರಿಜ್ಜಲ್ಲಿತ್ತು, ವೈಂಡಿಂಗ್ ಅಂಗಡಿ ಮುಚ್ಚಿಸಿಬಿಡೋಣ, ಅವಳೋ ಜಂಬದಿಂದ, ಕನ್ನಡಕ ಎಲ್ಲಾದ್ರೂ ಹಾಳಾಗಿ ಹೋಗ್ಲಿ, ಎಣಿಕೆ ತಪ್ಪೋದುಂಟಾ, ಈ ಸುರುಳಿ ಕೂರಲಿ, ಆಮೇಲೆ ಮಾತಾಡು ಅಂದಿದ್ದಳು, ಸಂಜೆ ಕೇಳುತ್ತಾನೆ, ಕೇಳದೆ ಬಿಡುವ ಪೈಕಿ ಅಲ್ಲ, ಏನಾಯ್ತು ನಿನ್ನ ಸುರುಳಿ ಅಂತ, ಅಪ್ಪನ ಕೈಯಿಂದ ತಂತಿ ಕಿತ್ತುಕೊಂಡರೆ ಅವನು ದಿನವಿಡೀ ಏನು ಮಾಡುತ್ತಾನೆ, ಗೋಡೆ ನೋಡುತ್ತಾ ಕೂರುತ್ತಾನೆಯೇ. ನೂರ ಹತ್ತು ಅಂತ ಒತ್ತಿ ನೋಡಲೇ, ಹೊಂದದಿರಲಿ, ತನ್ನ ಲೆಕ್ಕವೇ ತಪ್ಪಿರಲಿ, ಒತ್ತುತ್ತಾಳೆ, ಕೆಂಪು ನೀಲಿಯೊಳಗೆ ಹೋಗಿ ಮಲಗಿಬಿಡುತ್ತದೆ, ಗೊರಗೊರ ನಿಂತೇಹೋಯಿತು, ಆಚೆಯಿಂದ ನರ್ಸಮ್ಮ, ಭೇಷ್ ಕಣಮ್ಮಾ, ನಿಂತಿತು ನೋಡು, ಡಾಕ್ಟರಿಗೆ ಹೇಳ್ತೀನಿ, ಖುಷಿಯಾಗಬೇಕಲ್ಲ, ಎಲ್ಲಿದೆ ಖುಷಿ.

ಆದರೂ ಹತ್ತೇ ಯಾಕೆ, ಮರೆತವನಾದರೆ ಏಳು ಬಿಡಬಹುದಿತ್ತು, ಹದಿಮೂರು ಬಿಡಬಹುದಿತ್ತು, ಸರಿಯಾಗಿ ಹತ್ತು ಅಂದರೆ ಎಣಿಕೆ ತಪ್ಪಿಲ್ಲ, ಗೆರೆ ತಪ್ಪಿದೆ, ಸುತ್ತಿದ ಒಂದೇ ಹತ್ತಕ್ಕೆ ಎರಡು ಗೆರೆ ಎಳೆದಿದ್ದಾನೆ, ನಡುವೆ ಏನೋ ಆಗಿದೆ, ಏನಾಯಿತು, ಫೋನು ಕಿವಿಗೆ, ಅಪ್ಪಾ, ಆ ಸುರುಳಿ ಸುತ್ತುವಾಗ ಮಧ್ಯ ಎದ್ದಿದ್ಯಾ, ಇಲ್ಲವಲ್ಲಾ, ಎದ್ದೇ ಇಲ್ಲ, ಯಾಕೆ, ಸರಿ ಬರ್ಲಿಲ್ವಾ, ಬಂತು ಬಂತು, ಸುಮ್ನೆ ಕೇಳಿದೆ, ಯಾರಾದ್ರೂ ಬಂದಿದ್ರಾ, ಯಾರೂ ಇಲ್ಲ ಮಗಳೇ, ಏಳನೇ ಗೆರೆ ಹತ್ರ ನಿನ್ನ ಫೋನ್ ಬಂತು, ಅಷ್ಟೇ. ಸುತ್ತುವಾಗ ನೀನು ಫೋನ್ ಎತ್ತಲ್ವಲ್ಲಪ್ಪಾ. ನಿಂದಲ್ವಾ, ಎತ್ತಿದೆ, ಎರಡು ತಿಂಗಳಾಗಿತ್ತು ನೀನು ಮಾಡಿ. ಎರಡು ತಿಂಗಳೇ, ಆಗಿರಲಾರದು, ಆಗಿದೆ, ಅವತ್ತು ಮಾಡಿದ್ದಾದರೂ ಯಾಕೆ, ಸುರುಳಿ ಆಯ್ತಾ, ಬೇಗ ಕಳಿಸು, ಅರ್ಜೆಂಟಿದೆ, ಹೇಗಿದ್ದೀಯ ಅಂತಲೂ ಕೇಳದೆ ಇಟ್ಟುಬಿಟ್ಟಿದ್ದಳು, ಅಣ್ಣನಿಗೆ ಹೇಳಬೇಕು, ಮರೆತಿದ್ದು ಅಪ್ಪ ಅಲ್ಲ ಕಣೋ, ನಾನು — ಹಲೋ, ಇದ್ದೀಯೇನೇ, ಅಪ್ಪ ಕೇಳುತ್ತಿದ್ದಾನೆ, ಇದ್ದೀನಿ ಅನ್ನಬೇಕು, ಕಣ್ಣ ಮುಂದೆ ಅಪ್ಪನ ಮೇಜು, ಅದರ ಮೇಲೆ ಫೋನು ಹೊಡೆದುಕೊಳ್ಳುತ್ತಿದೆ, ಅವನ ಕೈ ತಂತಿಯನ್ನು ಬಿಟ್ಟು ಫೋನಿಗೆ ಚಾಚುತ್ತದೆ, ಸುತ್ತು ಅರ್ಧಕ್ಕೇ ಸಡಿಲ, ಕೈ ತಂತಿಯನ್ನು ಬಿಟ್ಟು ಫೋನಿಗೆ, ಮೊದಲ ರಿಂಗಿಗೇ, ತಂತಿಯನ್ನು ಬಿಟ್ಟು —